ನಾಲ್ಕು ಮೂಲೆ, ಎರಡು ಹುಣಸೆ ಬೀಜ, ಎಂಟು ವರ್ಷ

ಕಳೆದ ಬುಧವಾರ ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಹಾಸನದಲ್ಲಿ ಪಾಠ ಮಾಡುತ್ತಾ ಪಾರ್ಟ್ ಟೈಮ್ ಆಗಿ ಶುರು ಮಾಡಿದ್ದು, ಎಂಟು ವರ್ಷ ಹಿಡಿಯಿತು. ಅವತ್ತಿನಿಂದ ‘ಏನ್ ಡಾಕ್ಟ್ರೇ’ ಅಂತ ಫೋನ್ ಮಾಡಿದವರಿಗೆಲ್ಲ ಸುಮ್ನೆ ನಕ್ಕು ಥ್ಯಾಂಕ್ಸ್ ಹೇಳಿದ್ದೇನೆ. ಅದು ಸಾಲದು. ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಅಮ್ಮ. ನನ್ನ ವಿಷಯದ ಹೆಸರು ಕ್ವಾಂಟಮ್ ಡಾಟ್ ಸೆಲ್ಯುಲರ್ ಆಟೊಮೇಟಾ. ನಾವು ಕ್ಯೂಸಿಎ ಅನ್ನುತ್ತೇವೆ. ಟ್ರಾನ್ಸಿಸ್ಟರ್ ಇಲ್ಲದೆ ಕಂಪ್ಯೂಟರ್ ಸರ್ಕ್ಯೂಟ್ ಕಟ್ಟುವ ಒಂದು ದಾರಿ. ಕೋರ್ಸ್‌ವರ್ಕ್ ನಡೆಯುತ್ತಿದ್ದಾಗ ಅಮ್ಮ ಒಂದು ದಿನ ‘ಅದೇನು ಓದ್ತಿದ್ದೀಯ, ನನಗೂ ಹೇಳು’ ಅಂದಳು. ಅಡುಗೆಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ನೆಲದ ಮೇಲೆ ಚೌಕಾಬಾರದ ಮನೆಯ ಥರ ಒಂದು ಚೌಕ ಬರೆದೆ. ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಟ್ಟೆ. ಎರಡು ಹುಣಸೆ ಬೀಜ ಕೈಗೆ ಕೊಟ್ಟು, ‘ಇವು ಎಲೆಕ್ಟ್ರಾನ್. ಒಂದನ್ನು ಕಂಡರೆ ಒಂದಕ್ಕೆ ಆಗಲ್ಲ. ಮನೆ ಬಿಟ್ಟು ಹೊರಗೂ ಹೋಗೋ ಹಾಗಿಲ್ಲ. ಎಲ್ಲಿ ಕೂರ್ತವೆ?’ ಅಂದೆ. ಅಮ್ಮ ಯೋಚನೆ ಕೂಡ ಮಾಡಲಿಲ್ಲ. ಒಂದನ್ನು ಈ ಮೂಲೆಗೆ, ಇನ್ನೊಂದನ್ನು ಅದರಿಂದ ಅತಿ ದೂರದ ಮೂಲೆಗೆ ಇಟ್ಟಳು. ‘ಜಗಳ ಆಡಿದ ವಾರಗಿತ್ತಿಯರು ಇನ್ನೆಲ್ಲಿ ಕೂರ್ತಾರೆ?’

ವಿಷಯ ಅಷ್ಟೇ. ಹೀಗೆ ಓರೆಯಾಗಿ ಕೂರುವುದಕ್ಕೆ ಇರುವುದು ಎರಡೇ ದಾರಿ. ಒಂದಕ್ಕೆ ಸೊನ್ನೆ ಅನ್ನುತ್ತೇವೆ, ಇನ್ನೊಂದಕ್ಕೆ ಒಂದು. ಪಕ್ಕದಲ್ಲಿ ಇನ್ನೊಂದು ಚೌಕ ಇಟ್ಟರೆ, ಈ ಮನೆಯ ಎಲೆಕ್ಟ್ರಾನ್ ಆ ಮನೆಯದನ್ನು ನೂಕಿ ತನ್ನ ಹಾಗೇ ಕೂರಿಸುತ್ತದೆ. ಸಾಲಾಗಿ ಚೌಕ ಜೋಡಿಸಿದರೆ ಅದೇ ತಂತಿ. ಯಾರೂ ತಮ್ಮ ಮನೆ ದಾಟುವುದಿಲ್ಲ, ಸುದ್ದಿ ಮಾತ್ರ ಬೀದಿಯ ಕೊನೆ ಮುಟ್ಟುತ್ತದೆ. ಟ್ರಾನ್ಸಿಸ್ಟರ್ ಸರ್ಕ್ಯೂಟಿನಲ್ಲಿ ಸೊನ್ನೆ ಒಂದಾಗುವಾಗ ಚಾರ್ಜ್ ತುಂಬಬೇಕು, ಮತ್ತೆ ಸೊನ್ನೆಯಾಗುವಾಗ ಚೆಲ್ಲಬೇಕು. ಬಿಸಿಯಾಗುವುದು ಅದಕ್ಕೇ. ಇಲ್ಲಿ ಆ ಖರ್ಚು ತುಂಬಾ ಕಡಿಮೆ. ಇನ್ನು ಮೂರು ಸಾಲು ಮೂರು ಕಡೆಯಿಂದ ಬಂದು ಒಂದೇ ಚೌಕಕ್ಕೆ ತಾಗಿದರೆ, ಇಬ್ಬರು ಯಾವ ಕಡೆಯೋ ಅದೇ ತೀರ್ಮಾನ. ಇದಕ್ಕೆ ಮೆಜಾರಿಟಿ ಗೇಟ್ ಅನ್ನುತ್ತೇವೆ. ಮೂರರಲ್ಲಿ ಒಬ್ಬನನ್ನು ಸೊನ್ನೆಗೆ ಕಟ್ಟಿಹಾಕಿ, ಆಂಡ್ ಗೇಟ್ ಆಯಿತು, ಉಳಿದ ಇಬ್ಬರೂ ಒಂದು ಅಂದರೆ ಮಾತ್ರ ಒಂದು. ಒಂದಕ್ಕೆ ಕಟ್ಟಿಹಾಕಿ, ಆರ್ ಗೇಟ್, ಇಬ್ಬರಲ್ಲಿ ಒಬ್ಬ ಒಂದು ಅಂದರೂ ಸಾಕು. ನಾನು ಮರುಳಾಗಿದ್ದು ಇದಕ್ಕೇ.

ಈ ಯೋಚನೆ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ್ದು. ಕ್ರೇಗ್ ಲೆಂಟ್ ಮತ್ತು ಅವರ ಜೊತೆಗಾರರು 1993ರಲ್ಲಿ ಬರೆದರು. 1997ರಲ್ಲಿ ಅಲ್ಲಿಯೇ ಅಲ್ಯೂಮಿನಿಯಂ ಚುಕ್ಕಿಗಳಿಂದ ಒಂದು ಸೆಲ್, ಅಂದರೆ ಅಂಥ ಒಂದು ಚೌಕ, ಮಾಡಿ ತೋರಿಸಿದರು. 1999ರಲ್ಲಿ ಮೆಜಾರಿಟಿ ಗೇಟ್. ಎರಡೂ ನಡೆದದ್ದು 1 ಕೆಲ್ವಿನ್‌ಗಿಂತ ಕಡಿಮೆ ತಾಪದಲ್ಲಿ, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ 272 ಡಿಗ್ರಿಗೂ ಕೆಳಗೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅತಿ ತಣ್ಣಗಿರುವುದು ಅಂದರೆ ಮಣ್ಣಿನ ಹೂಜಿ. ಹಾಗಾಗಿ ನಾನು ಮಾಡಿದ್ದೆಲ್ಲ ಸಿಮ್ಯುಲೇಶನ್. ಅದಕ್ಕೆ ಬೇಕಾದ ಕ್ಯೂಸಿಎ ಡಿಸೈನರ್ ಎಂಬ ಸಾಫ್ಟ್‌ವೇರನ್ನು ಕೆನಡಾದಲ್ಲಿ ಕೊನ್ರಾಡ್ ವಾಲಸ್ ಮತ್ತು ಅವರ ತಂಡ ಮಾಡಿ ಎಲ್ಲರಿಗೂ ಬಿಟ್ಟಿ ಕೊಟ್ಟಿದ್ದಾರೆ. ಅದು ಇಲ್ಲದಿದ್ದರೆ ನನ್ನಂಥವರು ಈ ವಿಷಯ ಮುಟ್ಟುವ ಹಾಗೇ ಇರಲಿಲ್ಲ. ಅವರಿಗೆ ನನ್ನ ಪರಿಚಯವಿಲ್ಲ, ಆದರೂ ನಮಸ್ಕಾರ.

ಆ ಸಾಫ್ಟ್‌ವೇರಿನಲ್ಲಿ ಒಂದೊಂದು ಸೆಲ್ 18 ನ್ಯಾನೊಮೀಟರ್ ಅಗಲದ ಚೌಕ. ಹಸಿರು, ಗುಲಾಬಿ, ತಿಳಿನೀಲಿ, ಬಿಳಿ ಅಂತ ನಾಲ್ಕು ಬಣ್ಣ. ಅಂದಕ್ಕಲ್ಲ, ಅವು ಕ್ಲಾಕಿನ, ಅಂದರೆ ಯಾವ ಸೆಲ್ ಯಾವಾಗ ತೀರ್ಮಾನ ಮಾಡಬೇಕು ಅಂತ ತಾಳ ಹಾಕುವ ಸಂಕೇತದ, ನಾಲ್ಕು ವಲಯಗಳು. ಗುಲಾಬಿ ತೀರ್ಮಾನ ಮಾಡುವಾಗ ಹಿಂದಿನ ಹಸಿರು ಗಟ್ಟಿಯಾಗಿ ಕೂತಿರಬೇಕು. ಇಲ್ಲದಿದ್ದರೆ ಸುದ್ದಿ ಹಿಂದಕ್ಕೂ ಹರಿಯುತ್ತದೆ. ಆರನೇ ಸೆಮಿಸ್ಟರಿನ ಹುಡುಗರು ನನ್ನ ಸ್ಕ್ರೀನ್ ನೋಡಿ ‘ಮೇಡಂ ರಂಗೋಲಿ ಹಾಕ್ತಿದ್ದಾರೆ’ ಅಂತ ನಗುತ್ತಿದ್ದರು. ಅವರಲ್ಲೇ ಇಬ್ಬರು ಆಮೇಲೆ ರಾತ್ರಿ ಕೂತು ನನ್ನ ಜೊತೆ ಸೆಲ್ ಎಣಿಸಿದರು. ಹೆಸರು ಹೇಳಬೇಡಿ ಅಂದಿದ್ದಾರೆ. ನಿಮಗೆ ಗೊತ್ತು ಬಿಡಿ.

ಈಗ ಪೆಟ್ಟಿನ ವಿಷಯ. ಮೂರು ಮೆಜಾರಿಟಿ ಗೇಟ್, ಎರಡು ಇನ್ವರ್ಟರ್ (ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡುವಂಥದ್ದು) ಇಟ್ಟು ಒಂದು ಫುಲ್ ಆಡರ್, ಅಂದರೆ ಮೂರು ಸೊನ್ನೆ-ಒಂದುಗಳನ್ನು ಕೂಡಿಸುವ ಸರ್ಕ್ಯೂಟ್, ಮಾಡಿದ್ದೆ. ಆ ಮೂರಕ್ಕೆ ಬರಬಹುದಾದ ಜೋಡಣೆ ಎಂಟು. ಎಂಟಕ್ಕೆ ಎಂಟೂ ಸರಿ ಉತ್ತರ. ಖುಷಿಯಿಂದ ಪೇಪರ್ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ರಿಜೆಕ್ಟ್ ಆಗಿ ಬಂತು. ಒಬ್ಬ ರಿವ್ಯೂವರ್ ಮೂರೇ ಸಾಲು ಬರೆದಿದ್ದರು. ನೀವು ಬೈಸ್ಟೇಬಲ್ ಎಂಜಿನ್‌ನಲ್ಲಿ ಮಾತ್ರ ಓಡಿಸಿದ್ದೀರಿ, ಕೊಹೆರೆನ್ಸ್ ವೆಕ್ಟರ್‌ನಲ್ಲಿ ಓಡಿಸಿ ನೋಡಿ, ಎರಡು ತಂತಿ ಅಡ್ಡಹಾಯುವ ಜಾಗದ ಮೇಲೆ ಕಣ್ಣಿಡಿ ಅಂತ. ಎರಡೂ ಅದೇ ಸಾಫ್ಟ್‌ವೇರಿನ ಲೆಕ್ಕದ ವಿಧಾನಗಳು, ಮೊದಲನೆಯದು ಬೇಗ ಮುಗಿಯುತ್ತದೆ, ಎರಡನೆಯದು ಹೆಚ್ಚು ಕಟ್ಟುನಿಟ್ಟು. ಓಡಿಸಿದೆ. ಎಂಟರಲ್ಲಿ ಎರಡು ತಪ್ಪು! 0.95ರ ಹತ್ತಿರ ನಿಲ್ಲಬೇಕಿದ್ದ ಪೋಲರೈಸೇಶನ್, ಅಂದರೆ ಸೆಲ್ ಎಷ್ಟು ಗಟ್ಟಿಯಾಗಿ ಒಂದು ಕಡೆ ಕೂತಿದೆ ಅನ್ನುವ ಅಳತೆ, 0.3ಕ್ಕೆ ಜಾರಿ ನಡುಗುತ್ತಿತ್ತು. ಒಂದೇ ಬಣ್ಣದಲ್ಲಿ ಅತಿ ಉದ್ದದ ಸಾಲು ಎಳೆದುಬಿಟ್ಟಿದ್ದೆ. ಅದು ಅಡ್ಡಹಾಯುವ ಜಾಗ ಮುಟ್ಟುವಷ್ಟರಲ್ಲಿ ಶಕ್ತಿ ಸೋರಿಹೋಗುತ್ತಿತ್ತು. ಎರಡು ವರ್ಷದ ಲೇಔಟ್‌ಗಳೆಲ್ಲ ಅದೇ ತಳಪಾಯದ ಮೇಲಿದ್ದವು. ಆ ರಿವ್ಯೂವರ್ ಯಾರೋ, ಎಲ್ಲಿಯವರೋ. ಅವತ್ತು ಮನಸಾರೆ ಬೈದಿದ್ದೆ. ಕ್ಷಮಿಸಿ. ಥೀಸಿಸ್‌ನ ನಾಲ್ಕನೇ ಅಧ್ಯಾಯ ಪೂರ್ತಿ ನಿಮ್ಮ ಮೂರು ಸಾಲಿನಿಂದ ಹುಟ್ಟಿದ್ದು.

ಬಿಟ್ಟುಬಿಡೋಣ ಅನ್ನಿಸಿದ್ದೂ ಆಗಲೇ. ಎರಡನೇ ಶನಿವಾರ ಬೆಳಿಗ್ಗೆ ಮೈಸೂರಿನ ರೈಲು ಹತ್ತಿ, ಹೊಳೆನರಸೀಪುರ ದಾಟುವವರೆಗೂ ರಾಜೀನಾಮೆಯ ಮಾತು ಜೋಡಿಸಿಕೊಂಡಿದ್ದೆ. ಗೈಡ್ ಮೇಡಂ ಕೇಳಿಸಿಕೊಂಡರು. ಏನೂ ಹೇಳಲಿಲ್ಲ. ಲೇಔಟಿನ ಪ್ರಿಂಟ್ ಕೇಳಿ, ಕೆಂಪು ಪೆನ್ನು ಹಿಡಿದು, ಉದ್ದದ ಸಾಲನ್ನು ಮೂರು ಕಡೆ ಕತ್ತರಿಸಿದರು. ‘ಇಲ್ಲಿ, ಇಲ್ಲಿ, ಇಲ್ಲಿ ಬಣ್ಣ ಬದಲಿಸಿ ನೋಡಮ್ಮ. ಊಟ ಮಾಡ್ಕೊಂಡು ಹೋಗು.’ ಮೇಡಂ, ಆ ಪ್ರಿಂಟ್ ಇನ್ನೂ ನನ್ನ ಹತ್ತಿರ ಇದೆ. ಸಾರಿನ ಕಲೆಯೂ ಇದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಹೊಸ ಲೇಔಟ್ ಎಲ್ಲ ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿತ್ತು. ಬ್ಯಾಕಪ್ ಇಲ್ಲ, ನನ್ನದೇ ದಡ್ಡತನ. ನಮ್ಮ ಲ್ಯಾಬಿನ ಅಟೆಂಡರ್ ಅಣ್ಣ ಪರ್ಮಿಶನ್ ತಗೊಂಡು ಬೀಗ ತೆಗೆದು, ಪೆನ್‌ಡ್ರೈವ್‌ಗೆ ಹಾಕಿ, ಊದುಬತ್ತಿ ಡಬ್ಬಿಯಲ್ಲಿಟ್ಟು ಗೇಟಿನ ಹತ್ತಿರ ಕೊಟ್ಟರು. ಬಿಚ್ಚಿ ನೋಡಿದರೆ ನನ್ನ ಫೈಲಿನ ಜೊತೆ ಇಡೀ ಡಿಪಾರ್ಟ್‌ಮೆಂಟಿನ ಅಟೆಂಡೆನ್ಸ್, ಯಾರದೋ ಮದುವೆ ಫೋಟೋ. ‘ಯಾವ್ದು ಬೇಕೋ ಗೊತ್ತಾಗ್ಲಿಲ್ಲ ಮೇಡಂ, ಎಲ್ಲಾ ಹಾಕ್ಬಿಟ್ಟೆ.’ ಅಣ್ಣ, ಋಣ ತೀರಿಸೋಕಾಗಲ್ಲ.

ನಮ್ಮ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾರೆ. ಒಂದು ಬಿಟ್ (ಒಂದು ಸೊನ್ನೆ ಇಲ್ಲವೇ ಒಂದು) ಅಳಿಸಿದರೆ ಕನಿಷ್ಠ ಇಷ್ಟು ಶಾಖ ಹೊರಬರಲೇಬೇಕು ಅಂತ 1961ರಲ್ಲಿ ಐಬಿಎಂನ ರೋಲ್ಫ್ ಲ್ಯಾಂಡೌರ್ ತೋರಿಸಿದ್ದರು. ಕೋಣೆಯ ತಾಪದಲ್ಲಿ ಅದು ಸುಮಾರು 2.9 × 10⁻²¹ ಜೂಲ್. ಇದನ್ನು ರಾತ್ರಿ ಎರಡು ಗಂಟೆಗೆ ಉತ್ಸಾಹದಿಂದ ವಿವರಿಸಿದೆ. ಇವರು ಫ್ಯಾನು, ಲೈಟು, ಲ್ಯಾಪ್‌ಟಾಪ್ ಎಲ್ಲ ಒಮ್ಮೆ ನೋಡಿ, ‘ನಮ್ಮ ಮೀಟರಿಗೂ ಸ್ವಲ್ಪ ಹೇಳು’ ಅಂದು ಮಗ್ಗುಲಾದರು. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ರೆಡಿ ಮಾಡಿದ್ದು ಮಾತ್ರ ಅವರೇ. ಎಂಟು ವರ್ಷವೂ.

ವೈವಾದಲ್ಲಿ ಹಿರಿಯರೊಬ್ಬರು ‘ಇದು ನನ್ನ ಫೋನಿಗೆ ಯಾವಾಗ ಬರುತ್ತಮ್ಮ?’ ಅಂದರು. ಸದ್ಯಕ್ಕಿಲ್ಲ ಸರ್ ಅಂದೆ. ಆಲ್ಬರ್ಟಾ ವಿಶ್ವವಿದ್ಯಾಲಯದ ರಾಬರ್ಟ್ ವೋಲ್ಕೋ ಅವರ ತಂಡ ಸಿಲಿಕಾನ್ ಮೇಲಿನ ಹೈಡ್ರೋಜನ್ ಪರಮಾಣುಗಳನ್ನು ಒಂದೊಂದಾಗಿ ಕಿತ್ತು, ಆ ಖಾಲಿ ಜಾಗದಲ್ಲೇ ಚಾರ್ಜ್ ಕೂರಿಸಿ 2018ರಲ್ಲಿ ಆರ್ ಗೇಟ್ ಮಾಡಿದ ಕಥೆ ಹೇಳಿದೆ. ಅವರು ತಲೆದೂಗಿದರು. ಫೋನ್ ಜೇಬಿಗಿಟ್ಟುಕೊಂಡರು.

ಬೈಂಡ್ ಮಾಡಿಸಿದ ಥೀಸಿಸ್‌ನ ಒಂದು ಪ್ರತಿ ಅಮ್ಮನಿಗೆ ಕೊಟ್ಟೆ. ಇಂಗ್ಲಿಷ್ ಬರುವುದಿಲ್ಲ, ಆದರೂ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದಳು. ಮೊದಲನೇ ಅಧ್ಯಾಯದ ಎರಡನೇ ಚಿತ್ರದ ಮೇಲೆ ಬೆರಳಿಟ್ಟು ನಿಂತಳು. ಚೌಕ, ನಾಲ್ಕು ಚುಕ್ಕಿ, ಅದರಲ್ಲಿ ಎರಡು ಕಪ್ಪು.

‘ನನ್ನ ಬೀಜ ಅಲ್ವಾ ಇವು?’