ಅಕ್ಕನ ಜೋಕಾಲಿಗೆ ಒಂದು ಥ್ಯಾಂಕ್ಸ್

ಮೊನ್ನೆ ಕಲಬುರಗಿಯಲ್ಲಿ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆರು ವರ್ಷ ಹಿಡಿಯಿತು. ನೆನೆಯಬೇಕಾದವರು ಬಹಳ ಮಂದಿ. ಮೊದಲು ಅಕ್ಕ.

ವಿಶ್ವ ಹುಟ್ಟಿದ ಹೊಸತರಲ್ಲಿ, ಸೆಕೆಂಡಿನ ಅತಿ ಸಣ್ಣ ಪಾಲಿನಲ್ಲಿ, ಜಾಗವೇ ವಿಪರೀತ ವೇಗದಲ್ಲಿ ಹಿಗ್ಗಿತು ಅನ್ನುವ ಸಿದ್ಧಾಂತವಿದೆ. ಹಾಗೆ ಹಿಗ್ಗುವ ಖಾಲಿ ಜಾಗದಲ್ಲಿ ಕಣಗಳು ಹೇಗೆ ಹುಟ್ಟುತ್ತವೆ ಅನ್ನುವುದೇ ನನ್ನ ವಿಷಯ. ಅಮೆರಿಕದ ಭೌತವಿಜ್ಞಾನಿ ಲಿಯೊನಾರ್ಡ್ ಪಾರ್ಕರ್ 1960ರ ದಶಕದಲ್ಲೇ ಇದರ ಲೆಕ್ಕ ಹಾಕಿದ್ದರು. "ಖಾಲಿ ಇದ್ದಲ್ಲಿ ಹೆಂಗ ಹುಟ್ಟತಾವ?" ಅಂದಳು ಅಕ್ಕ. ಹೇಳಲು ಬರಲಿಲ್ಲ.

ಆ ವರ್ಷ ಪಂಚಮಿಗೆ ತವರಿಗೆ ಬಂದವಳು ಬೇವಿನ ಮರದ ಜೋಕಾಲಿ ಹತ್ತಿ ನಿಂತಳು. ಕುಕ್ಕರಿಸಿ ಎದ್ದು, ಕುಕ್ಕರಿಸಿ ಎದ್ದು ಜೀಕಿದಳು. ಯಾರೂ ನೂಕಲಿಲ್ಲ, ಜೋಕಾಲಿ ಏರುತ್ತಲೇ ಹೋಯಿತು. ಪೂರ್ತಿ ನಿಂತ ಜೋಕಾಲಿಯನ್ನು ಹಾಗೆ ಜೀಕಲು ಆಗುವುದಿಲ್ಲ, ಮೊದಲು ಒಂಚೂರಾದರೂ ತೂಗುತ್ತಿರಬೇಕು. ಕ್ವಾಂಟಮ್ ಲೋಕದಲ್ಲಿ, ಅಂದರೆ ಅತಿ ಸಣ್ಣ ಕಣಗಳ ಲೋಕದಲ್ಲಿ, ಯಾವುದೂ ಪೂರ್ತಿ ನಿಲ್ಲುವುದೇ ಇಲ್ಲ. ಖಾಲಿ ಜಾಗದಲ್ಲೂ ಸಣ್ಣ ತೂಗಾಟ ಇದ್ದೇ ಇರುತ್ತದೆ. ಜಾಗ ನಿಧಾನ ಹಿಗ್ಗಿದರೆ ಅದಕ್ಕೆ ಅಷ್ಟಾಗಿ ಏನೂ ಆಗದು. ಬಿರುಸಾಗಿ ಹಿಗ್ಗಿದರೆ, ಅಕ್ಕ ಜೀಕಿದಾಗ ಆದ ಹಾಗೆ, ತೂಗಾಟ ಜೋರಾಗುತ್ತದೆ. ಅದನ್ನೇ ನಾವು ಕಣ ಹುಟ್ಟಿತು ಅನ್ನುತ್ತೇವೆ. ಇಂಥ ತೂಗಾಟವೇ ಮುಂದೆ ಗ್ಯಾಲಕ್ಸಿಗಳ ಬೀಜವಾಯಿತು ಅಂತ ಆ ಸಿದ್ಧಾಂತ ಹೇಳುತ್ತದೆ. 1992ರಲ್ಲಿ ನಾಸಾದ ಕೋಬೆ ಉಪಗ್ರಹ, ವಿಶ್ವದ ಎಳೆಯ ಕಾಲದಿಂದ ಉಳಿದು ಆಕಾಶದ ತುಂಬ ಹರಡಿರುವ ಬಿಸಿಯಲ್ಲಿ ಲಕ್ಷಕ್ಕೆ ಒಂದು ಪಾಲಿನಷ್ಟು ಏರಿಳಿತ ಕಂಡಿತ್ತು, ಅಲ್ವಾ, ಆ ಸುದ್ದಿಯ ಬೇರು ಇಲ್ಲೇ. ನನ್ನ ಥೀಸಿಸ್ಸಿನ ಮೊದಲ ಅಧ್ಯಾಯ ಜೋಕಾಲಿಯಿಂದಲೇ ಶುರುವಾಗುತ್ತದೆ.

ಇನ್ನು ಗೈಡ್ ಸರ್. ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗುವ ಜಾಗ ಬೇರೆ ಕೆಲವು ಕಣಗಳನ್ನು ಹುಟ್ಟಿಸಿದರೂ ಬೆಳಕಿನ ಕಣಗಳನ್ನು ಹುಟ್ಟಿಸುವುದಿಲ್ಲ. ಇದೂ ಪಾರ್ಕರ್ ತೋರಿಸಿದ್ದೇ. ನನ್ನ ಲೆಕ್ಕದಲ್ಲಿ ಮಾತ್ರ ರಾಶಿ ರಾಶಿ ಹುಟ್ಟುತ್ತಿದ್ದವು! ಎಂಟು ತಿಂಗಳು ಹೊಸದೇನೋ ಸಿಕ್ಕಿತು ಅಂತಲೇ ನಂಬಿದ್ದೆ. ಸರ್ ಬೈಯಲಿಲ್ಲ. "ಮೊದಲಿನಿಂದ ಬರಿಯಮ್ಮ" ಅಂದು ಪಕ್ಕದಲ್ಲೇ ಕುಳಿತರು. ನಾಲ್ಕನೇ ಪುಟದಲ್ಲಿ ತಪ್ಪು ಸಿಕ್ಕಿತು. ಗಡಿಯಾರದ ಕಾಲವನ್ನೂ ಹಿಗ್ಗಿಗೆ ತಕ್ಕಂತೆ ಅಳೆಯುವ ಕಾಲವನ್ನೂ ಬೆರೆಸಿಬಿಟ್ಟಿದ್ದೆ. ಅವತ್ತು ಅತ್ತುಬಿಟ್ಟೆ. ಅಳು ನಿಲ್ಲುವ ತನಕ ಸರ್ ಮನೆಗೆ ಹೋಗಲಿಲ್ಲ.

ಫೆಲೋಶಿಪ್ ದುಡ್ಡು ತಡವಾದ ತಿಂಗಳುಗಳಲ್ಲಿ ಅಣ್ಣ ತೊಗರಿ ಮಾರಿ ರೂಮಿನ ಬಾಡಿಗೆ ಕಳಿಸಿದ. ಖಾನಾವಳಿಯ ಅವ್ವ ಉದ್ರಿ ಬರೆದುಕೊಂಡರು, ರೊಟ್ಟಿ ಮಾತ್ರ ಎಂದೂ ಎಣಿಸಿ ಹಾಕಲಿಲ್ಲ. ಆ ಋಣ ಹೇಗೆ ತೀರಿಸಲಿ?

ಅಕ್ಕಾ, ಥೀಸಿಸ್ ಬೈಂಡ್ ಮಾಡಿಸಿದ್ದೇನೆ. ಒಂದು ಪ್ರತಿ ನಿನಗೆ. ಪಂಚಮಿಗೆ ಬೇಗ ಬಾ, ಹಗ್ಗ ನಾನೇ ಕಟ್ಟಿಸಿರುತ್ತೇನೆ.