ಕಾಡಂಚಿನ ಇಟ್ಟಿಗೆ ಮನೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಹೊಸನಗರದ ಕಡೆ ಮಾರಾಟಕ್ಕಿದೆ ಅಂತ ನೀನು ಕಳಿಸಿದ ಮನೆಯ ಫೋಟೋಗಳನ್ನೆಲ್ಲ ನೋಡಿದೆ. ನಾಲ್ಕು ಕೋಣೆ, ಉದ್ದದ ಜಗಲಿ, ಹಿತ್ತಿಲು ದಾಟಿದರೆ ಕಾಡು. ಮನಸ್ಸು ಹೋಗುವಂಥದ್ದೇ. ಆದರೆ ಅಷ್ಟೂ ಫೋಟೋ ಜನವರಿಯವು. ಆ ತಾಲ್ಲೂಕಿನ ಹುಲಿಕಲ್ ಸೀಮೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತೆ, ಅಲ್ಲಿಯ ಮನೆಯನ್ನು ಜುಲೈನಲ್ಲಿ ನೋಡಬೇಕು. ಮಾರುವವರು ಅಲ್ಲಿಯ ತನಕ ಕಾಯೋದಿಲ್ಲ ಅಂದರೆ ಒಣಗಿದ ಗೋಡೆಯಲ್ಲೇ ಮಳೆಗಾಲದ ಗುರುತು ಹುಡುಕಬೇಕು.

ಮೊದಲು ಅದು ಸುಟ್ಟ ಇಟ್ಟಿಗೆಯೋ, ನೆಲದಿಂದ ಕಡಿದು ತೆಗೆದ ಕೆಂಪು ಜಂಬಿಟ್ಟಿಗೆಯೋ ಕೇಳು. ಮಾರುವಾಗ ಎರಡಕ್ಕೂ ಇಟ್ಟಿಗೆ ಅಂತಲೇ ಹೇಳುತ್ತಾರೆ. ಸುಟ್ಟ ಇಟ್ಟಿಗೆಯಾದರೆ ಕಟ್ಟಿ ಉಳಿದವು ಹಿತ್ತಿಲಲ್ಲಿ ಎಲ್ಲಾದರೂ ಬಿದ್ದಿರುತ್ತವೆ. ಎರಡನ್ನು ಒಂದಕ್ಕೊಂದು ಬಡಿ. ಖಣ್ ಎನ್ನಬೇಕು, ಬೊದ್ದು ಸದ್ದು ಬಂದರೆ ಸರಿಯಾಗಿ ಬೆಂದಿಲ್ಲ. ಚೆನ್ನಾಗಿ ಒಣಗಿದ ಒಂದನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿಟ್ಟು ಮತ್ತೆ ತೂಗು. 3 ಕೆ.ಜಿ.ಯದ್ದು 3.6 ಕೆ.ಜಿ. ದಾಟಿದರೆ ಆ ಇಟ್ಟಿಗೆ ನಮ್ಮ ಮಳೆಗಲ್ಲ.

ಆಮೇಲೆ ಗೋಡೆ. ತೇವ ಎಷ್ಟು ಎತ್ತರದಲ್ಲಿದೆ ಅನ್ನೋದೇ ಅದರ ಕಾರಣ ಹೇಳುತ್ತೆ. ನೆಲದಿಂದ ಮೂರು ಅಡಿಯೊಳಗೆ ಕಲೆ, ಉಪ್ಪು ಎದ್ದ ಬಿಳಿ ಪುಡಿ, ಉದುರುವ ಗಾರೆ ಕಂಡರೆ ನೀರು ತಳಪಾಯದಿಂದ ಏರುತ್ತಿದೆ. ಕಿಟಕಿಯ ಸುತ್ತ ಇದ್ದರೆ ಓರೆಮಳೆ. ಮಾಡಿನ ಕೆಳಗೇ ಇದ್ದರೆ ಒಡೆದ ಹೆಂಚು. ಕೊನೆಯ ಎರಡು ರಿಪೇರಿಗೆ ಬಗ್ಗುತ್ತವೆ. ಮೊದಲನೆಯದು ಬಹಳ ದುಬಾರಿ, ಪೂರ್ತಿ ಹೋಗೋದೂ ಅಪರೂಪ. ಬುಡದಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಮಲಗುವ ಕೋಣೆಯ ಗೋಡೆಗೂ ಮೂರು ಅಡಿ ಟೈಲ್ಸ್ ಅಂಟಿಸಿದ್ದರೆ, ಬೀರು ಸರಿಸಿ ಹಿಂದೆ ನೋಡು. ಹಳೆಯ ಸುಣ್ಣದ ಗಾರೆಯ ಗೋಡೆಗೆ ಮೇಲಿಂದ ಸಿಮೆಂಟ್ ಮೆತ್ತಿದ್ದರೆ ಇನ್ನೂ ಕಷ್ಟ. ಒಳಗಿನ ತೇವಕ್ಕೆ ಹೊರಗೆ ದಾರಿ ಇಲ್ಲದೆ ಗೋಡೆ ಒಳಗೊಳಗೇ ಪುಡಿಯಾಗುತ್ತೆ. ಪಡುವಣ ಗೋಡೆಯ ಮೇಲೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ ಗೂಟಗಳು ಇವೆಯಾ ನೋಡು. ಇದ್ದರೆ ಗಾಳಿಮಳೆ ನೇರ ಆ ಗೋಡೆಗೇ ಬಡಿಯುತ್ತೆ, ವರ್ಷವೂ ಆ ಕೆಲಸ ನಿನಗೆ ತಪ್ಪೋದಿಲ್ಲ.

ಮಾಡು ಮಂಗಳೂರು ಹೆಂಚಿನದು. ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿಯುತ್ತೆ. ಅಷ್ಟು ದೊಡ್ಡ ಮನೆಗೆ ಇಳಿಜಾರು, ಸೂರಿನ ಚಾಚು ಸೇರಿ ನಾಲ್ಕು ಸಾವಿರದ ಹತ್ತಿರ ಆಗಬಹುದು. ಕಾಡಂಚಿನಲ್ಲಿ ಮಂಗಗಳು ಹೆಂಚು ಒಡೆಯದೆ ಬಿಡೋದಿಲ್ಲ. ಅದೇ ಅಚ್ಚಿನ ಹೆಂಚು ಇನ್ನೂರಾದರೂ ದಾಸ್ತಾನಿದೆಯಾ ಕೇಳು. ಬೇರೆ ಕಾರ್ಖಾನೆಯ ಹೆಂಚು ಪಕ್ಕದ್ದಕ್ಕೆ ಸರಿಯಾಗಿ ಕಚ್ಚಿಕೊಳ್ಳದೆ ಸೋರುತ್ತೆ. ಹಗಲು ದೀಪ ಆರಿಸಿ ಅಟ್ಟದಲ್ಲಿ ನಿಂತು ಮೇಲೆ ನೋಡಿದರೆ ಬೆಳಕು ತೂರುವ ಜಾಗಗಳೆಲ್ಲ ಕಾಣುತ್ತವೆ. ಹೆಂಚು ಕೂರುವ ರೀಪು ಪಟ್ಟಿ ಬದಲಿಸೋದು ಸುಲಭ, ತೊಲೆ ಬದಲಿಸೋದು ಮನೆ ಬಿಚ್ಚಿದ ಹಾಗೆ. ಹಾಗಾಗಿ ತೊಲೆಯ ತುದಿ ಗೋಡೆಯೊಳಗೆ ಹೋಗುವಲ್ಲಿ, ಬಾಗಿಲ ಚೌಕಟ್ಟಿನ ಬುಡದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡು. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಗೆದ್ದಲು ಒಳಗಿದೆ.

ಮನೆಯ ಹಿಂದಿನ ಧರೆಯ, ಅಂದರೆ ಗುಡ್ಡ ಕಡಿದು ಉಳಿದ ಕಡಿದಾದ ಮಣ್ಣಿನ ಬದಿಯ, ಎತ್ತರ ಅಳೆ. ಧರೆಗೂ ಗೋಡೆಗೂ ನಡುವೆ ಕನಿಷ್ಠ ಅಷ್ಟೇ ಜಾಗ ಇರಬೇಕು. ಮೇಲೆ ಬಾಗಿದ ಮರ, ನೆಲದಲ್ಲಿ ಉದ್ದ ಬಿರುಕು ಕಂಡರೆ ಧರೆ ಕುಸಿಯುವ ಭಯವಿದೆ, ಗೋಡೆ ಎಷ್ಟೇ ಗಟ್ಟಿಯಿದ್ದರೂ ಬೇಡ. ಬಾವಿಯ ನೀರಿನ ಮಟ್ಟವನ್ನು ಮಾತ್ರ ಮೇ ತಿಂಗಳಲ್ಲೇ ನೋಡಬೇಕು. ಕರೆಂಟ್ ಮಳೆಗಾಲದಲ್ಲಿ ದಿನಗಟ್ಟಲೆ ಹೋಗುತ್ತೆ, ಇನ್ವರ್ಟರ್ ಖರ್ಚನ್ನು ಈಗಲೇ ಸೇರಿಸಿಕೋ.

ಕಾಗದಪತ್ರವನ್ನು ವಕೀಲರು ನೋಡುತ್ತಾರೆ, ಆದರೂ ನಿನಗೂ ಗೊತ್ತಿರಲಿ. 30 ವರ್ಷದ ಋಣಭಾರ ಪತ್ರ (ಇ.ಸಿ.), ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳು. ಸರಿಯಾದ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಯಾಕೆ ಅಂತ ವಿಚಾರಿಸು. ಸರ್ಕಾರದಿಂದ ಮಂಜೂರಾದ ಜಮೀನಾದರೆ ಪರಭಾರೆ, ಅಂದರೆ ಮಾರಾಟದ, ನಿಷೇಧ ಇದೆಯಾ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಟ್ಟಿದೆಯಾ ನೋಡಿಸು. ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕಿದೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ, ಜಮೀನು ಮುಳುಗಡೆಯಾದವರಿಗೆ ಕಾಡಿನಲ್ಲಿ ಕೊಟ್ಟ ಎಷ್ಟೋ ಜಾಗ ದಾಖಲೆಯಲ್ಲಿ ಇವತ್ತಿಗೂ ಅರಣ್ಯವಾಗಿಯೇ ಉಳಿದಿದೆ. ಅವರ ಕಷ್ಟ ನಿಜವಾದದ್ದು, ಆದರೆ ಅಂಥ ಜಾಗವನ್ನು ದುಡ್ಡು ಕೊಟ್ಟು ಕೊಳ್ಳಬಾರದು. ಪಹಣಿಯೊಂದನ್ನೇ ನಂಬಬೇಡ. ಜಾಗವನ್ನು ಮೀಸಲು ಅರಣ್ಯ ಮಾಡಲು ಹೊರಡಿಸುವ, 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಥವಾ 17ರ ಅಧಿಸೂಚನೆಯಲ್ಲಿ ಆ ಸರ್ವೆ ನಂಬರ್ ಇದೆಯಾ ಅಂತ ವಲಯ ಅರಣ್ಯ ಕಚೇರಿಯಲ್ಲಿ ಬರಹದಲ್ಲಿ ಕೇಳು. ಸರ್ವೆಯವರನ್ನು ಕರೆಸಿ ಗಡಿಕಲ್ಲು ತೋರಿಸಿಕೋ. ಹಿತ್ತಿಲ ಬಾವಿ ಕಲ್ಲಿನ ಆಚೆ ಇದ್ದರೆ ಅದು ನಿನ್ನ ಬಾವಿಯಲ್ಲ.

ಮಕ್ಕಳ ವಿಷಯ ಒಂದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನಕಾಯಿಲೆ ಈಗಲೂ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ಹರಡೋದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ. ಆ ಊರಲ್ಲಿ ಮಂಗ ಸತ್ತದ್ದು ವರದಿಯಾಗಿದೆಯಾ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳು. ಹಿತ್ತಿಲಲ್ಲಿ ದರಗಿನ (ಒಣ ಎಲೆಯ) ರಾಶಿ ಇದ್ದರೆ ಮಕ್ಕಳನ್ನು ಅತ್ತ ಬಿಡಬೇಡ.

ಹೋಗುವಾಗ ಟಾರ್ಚ್, ಸ್ಕ್ರೂಡ್ರೈವರ್, ಅಳತೆ ಟೇಪು, ಬಾವಿ ಅಳೆಯಲು ಕಲ್ಲು ಕಟ್ಟಿದ 50 ಅಡಿ ಹಗ್ಗ ಇಟ್ಟುಕೋ. ಸರ್ವೆ ನಂಬರ್ ಸಿಕ್ಕಿದ ಕೂಡಲೇ ಕಳಿಸು, ಪಹಣಿ ಮತ್ತು ಗ್ರಾಮ ನಕಾಶೆ ನಾನು ತೆಗೆಸಿಡುತ್ತೇನೆ. ಅಲ್ಲಿಯ ತನಕ ಮುಂಗಡ ಅಂತ ಒಂದು ರೂಪಾಯಿಯೂ ಕೊಡಬೇಡ.

ನಿನ್ನ
ಅಪ್ಪ