ಹೊಟ್ಟೆಯೊಳಗೊಂದು ಸೊಳ್ಳೆ ಪರದೆ: ಗೆಳೆಯನಿಗೊಂದು ಪತ್ರ

ಲೋ ಮಂಜ,

ನೀನು ಮಸ್ಕತ್‌ನಿಂದ ಫೋನ್ ಮಾಡಿದಾಗ ಅಕ್ಕ ಪಕ್ಕದಲ್ಲೇ ಇದ್ದಳು. ಅದಕ್ಕೇ 'ಎಲ್ಲಾ ಚೆನ್ನಾಗಾಯ್ತು ಬಿಡೋ' ಅಂತ ಹೇಳಿ ಇಟ್ಟುಬಿಟ್ಟೆ. ಈಗ ಅಂಗಡಿಗೆ ಹೋಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ಜೋರಾಗಿ ಕೆಮ್ಮುವ ಹಾಗೂ ಇಲ್ಲ. ಉಳಿದಿರುವುದು ಬರೆಯುವುದೊಂದೇ. ನನಗೊಬ್ಬನಿಗೇ ಕಳಿಸಬಾರದಿತ್ತಾ, ಫೇಸ್‌ಬುಕ್ಕಿನಲ್ಲಿ ಊರಿಗೆಲ್ಲ ಯಾಕೆ ಅಂತ ಕೇಳುತ್ತೀಯ. ಸರ್ಕಾರಿ ಆಸ್ಪತ್ರೆಯನ್ನು ಬೈಯುವಾಗ ಎಲ್ಲರೂ ಬೀದಿಯಲ್ಲಿ ನಿಂತೇ ಬೈಯುತ್ತೇವೆ, ಅಲ್ವಾ? ಹೊಗಳುವಾಗ ಮಾತ್ರ ಕಿವಿಯಲ್ಲಿ ಯಾಕೆ ಹೇಳಬೇಕು. ಅದೂ ಅಲ್ಲದೆ ನೀನು ಉದ್ದದ ಪತ್ರ ಓದುವ ಆಸಾಮಿಯಲ್ಲ. ಯಾರಾದರೂ ಓದಿ ನಿನಗೆ ಕತೆ ಹೇಳಲಿ.

ಕಾಯಿಲೆ ಏನೂ ದೊಡ್ಡದಲ್ಲ. ಹರ್ನಿಯಾ. ಬಲಗಡೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು, ಮಲಗಿದರೆ ಒಳಗೆ, ನಿಂತರೆ ಹೊರಗೆ. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಒಳಗಿನ ಕೊಬ್ಬೋ ಕರುಳೋ ಹೊರಗೆ ಇಣುಕುವುದು, ಅಷ್ಟೇ. ಮಾತ್ರೆಗೆಲ್ಲ ಹೋಗುವುದಲ್ಲ. ಹಾಗೇ ಬಿಟ್ಟರೆ ಯಾವತ್ತಾದರೂ ಕರುಳು ಅಲ್ಲೇ ಸಿಕ್ಕಿಹಾಕಿಕೊಂಡು ರಕ್ತದ ಓಡಾಟ ನಿಲ್ಲಬಹುದು, ಆಗ ಅರ್ಧರಾತ್ರಿ ಓಡಬೇಕಾಗುತ್ತೆ ಅಂತ ಡಾಕ್ಟರು ಹೆದರಿಸಿದರು. ಬೆಲ್ಟ್ ಕಟ್ಟಿಕೊಂಡು ದಿನ ದೂಡುತ್ತಿದ್ದವನು ಅವತ್ತೇ ದಿನಾಂಕ ಬರೆಸಿಕೊಂಡು ಬಂದೆ.

ಆಪರೇಷನ್ ದಿನ ಬೆಳಗ್ಗೆ ನನಗೆ ಸಿಟ್ಟು ಬಂದದ್ದು ಒಂದೇ ವಿಷಯಕ್ಕೆ. ಬಂದವರೆಲ್ಲ ಹೆಸರು ಕೇಳುತ್ತಾರೆ. ವಾರ್ಡಿನ ಸಿಸ್ಟರ್ ಕೇಳಿದರು. ಸ್ಟ್ರೆಚರ್ ತಳ್ಳುವವರು ಕೇಳಿದರು. ಥಿಯೇಟರ್ ಬಾಗಿಲಲ್ಲಿ ಇನ್ನೊಬ್ಬರು ನನ್ನ ಕೈಗೆ ಕಟ್ಟಿದ್ದ ಪಟ್ಟಿ ನೋಡುತ್ತಲೇ ಕೇಳಿದರು. ಏನು ಆಪರೇಷನ್? ಯಾವ ಕಡೆ? ಡಾಕ್ಟರು ಬಂದು ಬಲಗಡೆ ಪೆನ್ನಿನಲ್ಲಿ ಗುರುತು ಹಾಕಿದರು, ಹಾಕಿದ ಮೇಲೆ ಅವರೂ ಕೇಳಿದರು. ಇವರಿಗೆ ಫೈಲ್ ಓದಲು ಬರಲ್ವಾ ಅಂದುಕೊಂಡೆ. ಈಗ ಮಲಗಿದಲ್ಲೇ ಹುಡುಕಿ ಓದಿದೆ. ಹಾಗೆ ಕೇಳುವುದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟ್ ಪ್ರಕಾರವಂತೆ. ಒಂದೇ ಹಾಳೆ, 19 ಅಂಶ. ಅರಿವಳಿಕೆ ಕೊಡುವ ಮುಂಚೆ, ಕತ್ತಿ ಹಾಕುವ ಮುಂಚೆ, ಥಿಯೇಟರಿನಿಂದ ಆಚೆ ಕಳಿಸುವ ಮುಂಚೆ ಬಾಯಿಬಿಟ್ಟು ಹೇಳಬೇಕು. ದೆಹಲಿಯದೂ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ನೋಡಿದಾಗ ಆಪರೇಷನ್ ಆದವರ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿದಿತ್ತು. ಹೆಸರು ಕೇಳಿ, ಯಾವ ಕಡೆ ಅಂತ ಕೇಳಿ, ಸೂಜಿ ಬಟ್ಟೆ ಎಣಿಸಿ!

ನನಗೆ ಕೊಟ್ಟದ್ದು ಬೆನ್ನಿಗೆ ಇಂಜೆಕ್ಷನ್. ಸೊಂಟದಿಂದ ಕೆಳಗೆ ಮಾತ್ರ ಗೊತ್ತಾಗುವುದಿಲ್ಲ, ತಲೆ ಎಚ್ಚರ ಇರುತ್ತೆ. ಇದನ್ನು ಮೊದಲು ಮಾಡಿದವನು ಆಗಸ್ಟ್ ಬಿಯರ್ ಅಂತ ಜರ್ಮನಿಯ ಡಾಕ್ಟರು, 1898ರಲ್ಲಿ. (ಹೆಸರಿಗೆ ನಗಬೇಡ.) ಕೆಲಸ ಮಾಡುತ್ತೋ ಇಲ್ಲವೋ ನೋಡೋಣ ಅಂತ ಅವನು ತನ್ನ ಸಹಾಯಕನ ಬೆನ್ನಿಗೇ ಕೊಕೇನ್ ಚುಚ್ಚಿದ. ಆಮೇಲೆ ಅವನ ಮೊಣಕಾಲ ಕೆಳಗೆ ಸುತ್ತಿಗೆಯಲ್ಲಿ ಹೊಡೆದ, ಉರಿಯುವ ಚುಟ್ಟಾ ಒತ್ತಿದ. ನೋವೇ ಇಲ್ಲ! ರಾತ್ರಿ ಇಬ್ಬರೂ ಕೂತು ವೈನ್ ಕುಡಿದರು. ಮರುದಿನದಿಂದ ಇಬ್ಬರಿಗೂ ಭಯಂಕರ ತಲೆನೋವು, ಸಹಾಯಕನ ಕಾಲಿನಲ್ಲಿ ಬಾಸುಂಡೆ. ನಾವಿಬ್ಬರೂ ಡಾಕ್ಟರ್ ಆಗಿದ್ದರೆ ಸುತ್ತಿಗೆ ಯಾರ ಕೈಯಲ್ಲಿ ಇರುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಸುತ್ತಿಗೆ ಏಟು ಬೀಳಲಿಲ್ಲ. ಟೇಬಲ್ ಮೇಲೆ ಕೂರಿಸಿ, ಎದೆಗೊಂದು ದಿಂಬು ಕೊಟ್ಟು ಬೆನ್ನು ಬಗ್ಗಿಸಿ ಅಂದರು. ಮಾಸ್ಕ್ ಹಾಕಿದ್ದ ಸಿಸ್ಟರ್ ಒಬ್ಬರು ಎದುರು ನಿಂತು ನನ್ನ ಎರಡೂ ಭುಜ ಹಿಡಿದುಕೊಂಡರು. ನಾನು ನಡುಗುತ್ತಿದ್ದೆ. ಏಸಿಗೆ ಅಂತ ಹೇಳಿದೆ. 'ಹೌದು, ಇಲ್ಲಿ ಏಸಿ ಜಾಸ್ತಿ' ಅಂದರು ಪಾಪ. ಆಮೇಲೆ ನನ್ನ ಬೆನ್ನ ಹಿಂದೆ ಆಗುವುದನ್ನೆಲ್ಲ ಮೊದಲೇ ಹೇಳುತ್ತಾ ಹೋದರು. ಈಗ ತಣ್ಣಗೆ ಔಷಧಿ ಹಚ್ಚುತ್ತಾರೆ. ಈಗ ಚುಚ್ಚುತ್ತಾರೆ, ಅಲ್ಲಾಡಬೇಡಿ. ಈಗ ಕಾಲು ಬೆಚ್ಚಗಾಗುತ್ತೆ. ಒಂದೊಂದೂ ಅವರು ಹೇಳಿದ ಮೇಲೇ ಆಯಿತು. ಮಲಗಿಸಿ 'ಬಲಗಾಲು ಎತ್ತಿ' ಅಂದಾಗ ನಾನು ಎತ್ತಿದೆ, ಎತ್ತಿದೆ ಅಂತಲೇ ಅಂದುಕೊಂಡೆ, ಕಾಲು ಇದ್ದಲ್ಲೇ ಇತ್ತು. ಆಗ ನನಗೆ ಅಮ್ಮನ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ, ಅಥವಾ ಹೇಳುವುದಿಲ್ಲ, ನೋಡೋಣ.

ಪರದೆಯ ಆಚೆ ಡಾಕ್ಟರು ಕೆಲಸ ಮಾಡುತ್ತಿದ್ದರು, ಈಚೆ ನಾನು ಮಾತಾಡುತ್ತಿದ್ದೆ. ಹೆದರಿದರೆ ನನ್ನ ಬಾಯಿ ನಿಲ್ಲುವುದಿಲ್ಲ, ನಿನಗೆ ಗೊತ್ತಲ್ಲ. 'ಒಳಗೆ ಏನು ಇಡ್ತೀರಿ ಸಾರ್?' ಅಂದೆ. 'ಮೆಶ್. ಸಡಿಲಾದ ಕಡೆ ಇಡೋ ಸಣ್ಣ ಜಾಲರಿ ಕಣ್ರೀ, ಸೊಳ್ಳೆ ಪರದೆ ಇದ್ದ ಹಾಗೆ' ಅಂದರು. ತಮಾಷೆ ಅಂದುಕೊಂಡೆ. ನಿಜವಾಗಿ ಸೊಳ್ಳೆ ಪರದೆಯ ಬಟ್ಟೆಯನ್ನೇ ಶುದ್ಧ ಮಾಡಿ ಹೊಟ್ಟೆಯೊಳಗೆ ಹೊಲಿದವರಿದ್ದಾರಂತೆ! ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಅನ್ನುವ ಸಣ್ಣ ಊರಿನಲ್ಲಿ ತೊಂಗಾಂವಕರ್ ಅಂತ ಒಬ್ಬ ಸರ್ಜನ್. ಕಂಪನಿ ಮೆಶ್ ಕೊಳ್ಳುವ ಶಕ್ತಿ ಇಲ್ಲದ ರೋಗಿಗಳಿಗಾಗಿ ಹುಡುಕಿದ ದಾರಿ. 2016ರಲ್ಲಿ ಉಗಾಂಡಾದಲ್ಲಿ ಅಂಥ ಅಗ್ಗದ ಜಾಲರಿಯನ್ನೂ ಕಂಪನಿ ಮಾಲನ್ನೂ ಹೋಲಿಸಿ ನೋಡಿದಾಗ ಒಂದು ವರ್ಷದ ಮೇಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ನನಗೆ ಹಾಕಿದ್ದು ಕಂಪನಿಯದೇ, ಸುಮ್ನೆ ಗಾಬರಿಯಾಗಬೇಡ. ಮುಚ್ಚುವ ಮುಂಚೆ ಒಬ್ಬರು ಗಟ್ಟಿಯಾಗಿ ಬಟ್ಟೆ ಎಣಿಸಿದರು, ಇನ್ನೊಬ್ಬರು 'ಸರಿ' ಅಂದರು. ನಾನೂ ಜೊತೆಗೆ ಎಣಿಸುತ್ತಿದ್ದೆ, ನನ್ನ ಲೆಕ್ಕದಲ್ಲಿ ಒಂದು ಕಡಿಮೆ ಬಂತು. ನನ್ನ ಲೆಕ್ಕದ ಮೇಲೆ ನಮ್ಮ ಕ್ಲಾಸಿಗೇ ಇದ್ದ ನಂಬಿಕೆ ನೆನಪಾಗಿ ಸುಮ್ಮನಾದೆ.

ದುಡ್ಡಿನ ವಿಷಯ ಕೇಳಿದ್ದೆಯಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನಮ್ಮದು ಆ ಕಾರ್ಡೇ. ಕೈಯಿಂದ ಹೋದದ್ದು ಆಟೋ, ಎಳನೀರು, ಅಕ್ಕನ ಮಗನ ಬಿರಿಯಾನಿ. ನೀನು ಕಳಿಸುತ್ತೇನೆ ಅಂದದ್ದನ್ನು ಕಳಿಸಬೇಡ. ಹಳೆಯದನ್ನು ಮಾತ್ರ ಕೊಡು.

ಈಗ ವಾರ್ಡು. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಕೆಲವರಿಗೆ ಉಚ್ಚೆ ಕಟ್ಟಿಕೊಳ್ಳುತ್ತೆ. ಕೆಲವರು ಅಂದರೆ ಯಾರು, ನಾನೇ. ಹೊಟ್ಟೆ ಬಿಗಿದುಕೊಂಡಿದೆ, ಕೈಯಲ್ಲಿ ಪಾಟ್ ಇದೆ, ಬರುತ್ತಿಲ್ಲ. ಬಾಗಲಕೋಟೆ ಕಡೆಯ ಒಬ್ಬ ಸಿಸ್ಟರ್ ಇದ್ದರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. 'ಗಡಿಬಿಡಿ ಮಾಡಬ್ಯಾಡ್ರಿ ಅಣ್ಣಾರ, ಇನ್ನೂ ಟೈಮ್ ಐತಿ, ಬರಲಿಲ್ಲಂದ್ರ ನಳಿ ಹಾಕತೀವಿ' ಅಂದರು. ನಳಿ ಅಂದದ್ದೇ ನನಗೆ ಜೀವ ಹೋಯಿತು. ಅವರು ಪರದೆ ಎಳೆದು, ಮೂಲೆಯ ವಾಷ್‌ಬೇಸಿನ್ನಿನ ನಲ್ಲಿಯನ್ನು ಸಣ್ಣಗೆ ತಿರುಗಿಸಿ, ಏನೂ ಆಗದವರ ಹಾಗೆ ಆಚೆ ಹೋಗಿ ಬೇರೆಯವರ ಬಿಪಿ ನೋಡುತ್ತಾ ನಿಂತರು. ಆ ನೀರಿನ ಸದ್ದು ಕೇಳುತ್ತಾ ಕೇಳುತ್ತಾ ಕೊನೆಗೂ ಬಂತು ಮಾರಾಯ. ಎಸ್ಸೆಸ್ಸೆಲ್ಸಿ ಪಾಸಾದಾಗ ಅಷ್ಟು ಖುಷಿಯಾಗಿರಲಿಲ್ಲ. ಅವರು ಬಂದು ಅಳತೆ ನೋಡಿ ಚಾರ್ಟಿನಲ್ಲಿ ಬರೆದುಕೊಂಡರು. ನಗಲಿಲ್ಲ. ನಗದೇ ಇದ್ದದ್ದಕ್ಕೆ ನಾನು ಇವತ್ತಿಗೂ ಋಣಿ.

ಅದೇ ಸಿಸ್ಟರ್ ಬಂದಾಗಲೆಲ್ಲ ಕೇಳುತ್ತಿದ್ದರು, 'ನೋವು ಹತ್ತಕ್ಕ ಎಷ್ಟು ಐತ್ರಿ?' ನಿಜವಾಗಿ ಮೂರು ಇರುತ್ತಿತ್ತು. ನಾನು ಐದು ಅನ್ನುತ್ತಿದ್ದೆ. ಐದು ಅಂದರೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ದಿಂಬು ಸರಿ ಮಾಡುತ್ತಾರೆ, ಕೆಮ್ಮುವಾಗ ಗಾಯದ ಮೇಲೆ ಹೇಗೆ ಕೈ ಒತ್ತಿಕೊಳ್ಳಬೇಕು ಅಂತ ಇನ್ನೊಮ್ಮೆ ತೋರಿಸುತ್ತಾರೆ. ನಿನಗೆ ನೋವಿದೆಯಾ, ಇದ್ದರೆ ಎಷ್ಟು ಅಂತ ನನ್ನನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು ಕಣೋ. ಮನೆಯಲ್ಲಿ ಕೇಳುವವನು ನಾನು.

ಬಂತು ನೋಡು ಅಮ್ಮನ ವಿಷಯ. ಒಪಿಡಿಯಲ್ಲಿ ಡಾಕ್ಟರು 'ಭಾರ ಎತ್ತೋ ಕೆಲಸ ಇದೆಯೇನ್ರಿ?' ಅಂತ ಕೇಳಿದ್ದರು. 'ಜೆರಾಕ್ಸ್ ಅಂಗಡಿ ಸಾರ್, ಪೇಪರ್ ಬಂಡಲ್ ಎತ್ತೀನಿ' ಅಂದಿದ್ದೆ. ಬಂಡಲ್ ಇಳಿಸಿ ಹೋಗುವುದು ಏಜೆನ್ಸಿ ಹುಡುಗ. ನಾನು ಎತ್ತುವುದು ಅಮ್ಮನನ್ನು. ಲಕ್ವ ಹೊಡೆದ ಮೇಲೆ ಅವಳ ಎಡಭಾಗ ಏಳುವುದಿಲ್ಲ, ನೀನೇ ನೋಡಿದ್ದೀಯ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ವಾಪಸ್ ಮಂಚಕ್ಕೆ. ಅದನ್ನು ಹೇಳಿದರೆ ನನ್ನ ಹೊಟ್ಟೆ ಹರಿದದ್ದಕ್ಕೆ ಅವಳೇ ಕಾರಣ ಅಂದ ಹಾಗಾಗುತ್ತೆ ಅಂತ ಬಾಯಿ ಬರಲಿಲ್ಲ. ಎತ್ತಿದ್ದಕ್ಕೇ ಬರಬೇಕು ಅಂತೇನೂ ಇಲ್ಲವಂತೆ, ಕೆಲವರಿಗೆ ಗೋಡೆ ಹುಟ್ಟಿನಿಂದಲೇ ಸಡಿಲ. ಆದರೂ ಹೇಳಲಿಲ್ಲ.

ಇನ್ನೊಂದು ಇದೆ. ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಪಕ್ಕದ ಬೆಡ್ಡಿನವರು ಗೊರಕೆ ಹೊಡೆಯುತ್ತಿದ್ದರು, ಟ್ಯೂಬ್‌ಲೈಟ್ ಆರಿಸುತ್ತಿರಲಿಲ್ಲ, ಗಾಯ ಎಳೆಯುತ್ತಿತ್ತು, ಆದರೂ ಅಂಥ ನಿದ್ದೆ ಬಂದು ವರ್ಷಗಳಾಗಿದ್ದವು. ಮನೆಯಲ್ಲಿ ನನ್ನ ಒಂದು ಕಿವಿ ಅಮ್ಮನ ಮಂಚದ ಹತ್ತಿರವೇ ಇರುತ್ತೆ. ಇಲ್ಲಿ ಯಾರೋ ಕೂಗಿದರೆ ಎದ್ದು ಓಡುವವರು ಬೇರೆ ಯಾರೋ. ಬೆಳಗ್ಗೆ ರೌಂಡ್ಸಿನಲ್ಲಿ 'ಡಿಸ್ಚಾರ್ಜ್ ಮಾಡೋಣ' ಅಂದಾಗ ಎಲ್ಲರೂ ನಗುತ್ತಾರೆ, ನನಗೆ ಹೊಟ್ಟೆಯೊಳಗೆ ಏನೋ ಕುಸಿಯಿತು. ಸ್ವಲ್ಪ ಜ್ವರ ಬರಬಾರದಾ ಅನ್ನಿಸಿತು. ಹೆತ್ತ ತಾಯಿ ಇರುವ ಮನೆಗೆ ಹೋಗಲು ಬೇಸರಪಟ್ಟ ಮಗ ನಾನು. ಅಕ್ಕನಿಗೆ ಇದನ್ನು ಹೇಳಿಲ್ಲ. ನಿನಗೂ ಫೋನಿನಲ್ಲಿ ಹೇಳುತ್ತಿರಲಿಲ್ಲ.

ಆ ಬಾಗಲಕೋಟೆ ಸಿಸ್ಟರಿಗೆ ಯಾರೂ ಹೇಳದೆಯೇ ಗೊತ್ತಾಗಿತ್ತು. ನಾನು ಅಕ್ಕನಿಗೆ ಫೋನಿನಲ್ಲಿ 'ಅಮ್ಮನ್ನ ತಿರುಗಿಸಿ ಮಲಗಿಸಿದ್ಯಾ, ಬೆನ್ನು ಒರೆಸಿದ್ಯಾ' ಅಂತ ಕೇಳುವುದು ಅವರ ಕಿವಿಗೆ ಬಿದ್ದಿತ್ತು. ಡಿಸ್ಚಾರ್ಜ್ ಹಾಳೆ ಕೊಡುತ್ತಾ, 'ಬಂಡಲ್ ಅಲ್ಲ, ನಿಮ್ಮವ್ವನ್ನ ಎತ್ತತೀರಿ ಹೌದಲ್ರಿ?' ಅಂದರು. ನಾನು ಮಾತಾಡಲಿಲ್ಲ. ಅವರು ಖಾಲಿ ಬೆಡ್ಡಿನ ಮೇಲೆ ಅಕ್ಕನ ಮಗನನ್ನು ಮಲಗಿಸಿದರು. ಒಂದು ಬೆಡ್‌ಶೀಟನ್ನು ಮಡಚಿ ಅವನ ಭುಜದಿಂದ ಸೊಂಟದವರೆಗೆ ಕೆಳಗೆ ತೂರಿಸಿದರು. ಆ ಕಡೆ ಈ ಕಡೆ ಅಂಚನ್ನು ಮೈಯ ಹತ್ತಿರಕ್ಕೆ ಸುತ್ತಿ ಹಿಡಿಯಬೇಕು, ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಬೇಕು, ಒಂದು ಎರಡು ಮೂರು ಅಂತ ಇಬ್ಬರೂ ಒಟ್ಟಿಗೆ ಎಳೆಯಬೇಕು. ಎತ್ತುವುದೇ ಇಲ್ಲ, ಜಾರಿಸುವುದು. ಒಬ್ಬರೇ ಮಗ್ಗುಲು ತಿರುಗಿಸುವುದಾದರೆ ಆಚೆಯ ಮೊಣಕಾಲು ಮಡಚಿ, ಭುಜಕ್ಕೊಂದು ಕೈ ಸೊಂಟಕ್ಕೊಂದು ಕೈ ಇಟ್ಟು ನಮ್ಮ ಕಡೆ ಉರುಳಿಸಿಕೊಳ್ಳಬೇಕು. ಕುರ್ಚಿ ಇಡುವುದು ಶಕ್ತಿ ಇರುವ ಬಲಗಡೆ. ನಾನು ಇಷ್ಟು ಕಾಲವೂ ಗೋಡೆಗೆ ಹತ್ತಿರ ಅಂತ ಎಡಗಡೆ ಇಡುತ್ತಿದ್ದೆ. 'ಸದ್ಯಕ್ಕ ನೀವು ಬರೇ ಹೇಳಿಕೊಡ್ರಿ, ಹುಡುಗ ಮಾಡಲಿ' ಅಂದರು. ನನ್ನ ಗಾಯಕ್ಕೆ ಬ್ಯಾಂಡೇಜ್ ಹಾಕುವುದಷ್ಟೇ ಅವರ ಡ್ಯೂಟಿ. ಇದು ಯಾವ ಚಾರ್ಟಿನಲ್ಲೂ ಇರಲಿಲ್ಲ.

ಈಗ ಮನೆಯಲ್ಲಿ ಅಕ್ಕ ಒಂದು ಕಡೆ, ಅವಳ ಮಗ ಒಂದು ಕಡೆ, ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕಾಮೆಂಟರಿ. 'ಅಮ್ಮ, ಈಗ ಬೆಡ್‌ಶೀಟ್ ಹಾಕ್ತಾರೆ. ಅಮ್ಮ, ಈಗ ಬಲಗಡೆ ತಿರುಗಿಸ್ತಾರೆ. ತಣ್ಣಗಿರೋ ಬಟ್ಟೆಯಲ್ಲಿ ಒರೆಸ್ತಾರೆ ನೋಡು.' ಥಿಯೇಟರಿನಲ್ಲಿ ನನಗೆ ಹೇಳಿದ ಹಾಗೇ. ಮೊದಲು ನಾನು ಬಾಯಿ ಮುಚ್ಚಿಕೊಂಡು ಬೇಗ ಬೇಗ ಮುಗಿಸುತ್ತಿದ್ದೆ. ನಿನ್ನೆ ಅಮ್ಮನನ್ನು 'ನೋವು ಹತ್ತಕ್ಕೆ ಎಷ್ಟು?' ಅಂತಲೂ ಕೇಳಿದೆ. ಅವಳ ಮಾತು ಇನ್ನೂ ತೊದಲು, ಆದರೆ ಇದು ಸ್ಪಷ್ಟವಾಗಿ ಬಂತು: 'ನಿನ್ ಬಾಯಿ ಮುಚ್ಚಿದ್ರೆ ಸೊನ್ನೆ.'

ಅಳಿಸೋಣ ಅಂದರೆ ಇಷ್ಟು ಬರೆದದ್ದು ದಂಡ. ಅಕ್ಕ ಫೇಸ್‌ಬುಕ್ಕಿನಲ್ಲಿಲ್ಲ, ಅವಳ ಮಗ ಇದ್ದಾನೆ. ಲೋ ಪುಟ್ಟ, ಇದನ್ನು ನಿಮ್ಮಮ್ಮನಿಗೆ ಓದಿ ಹೇಳಿದರೆ ಶನಿವಾರದ ಬಿರಿಯಾನಿ ವಿಷಯ ನಾನೂ ಹೇಳಬೇಕಾಗುತ್ತೆ, ಹುಷಾರ್. ಮಂಜ, ದೀಪಾವಳಿಗೆ ಬಂದಾಗ ನಿನ್ನ ಸೂಟ್‌ಕೇಸ್ ನೀನೇ ಎತ್ತಿಕೊ. ನನಗೆ ಡಾಕ್ಟರು ಬರೆದುಕೊಟ್ಟಿದ್ದಾರೆ, ಚೀಟಿ ತೋರಿಸುತ್ತೇನೆ. ಖರ್ಜೂರ ತಂದರೆ ಮಾತ್ರ ಆ ಒಂದು ಚೀಲ ಹಿಡಿದುಕೊಳ್ಳುತ್ತೇನೆ.

ನಿನ್ನ,
ಮೂರನೇ ಬೆಂಚು